ಬಣ್ಣ ಬಳಿದರೆ ಕೆಲಸ ವಾಪಸ್ ಬರುತ್ತಾ?

ದಾವಣಗೆರೆಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾಳುಬಿದ್ದ ಮಿಲ್ಲುಗಳಲ್ಲಿ ಕಲಾವಿದರು ತಂಗಿ ಕೆಲಸ ಮಾಡುವ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಸಿಟ್ಟು ತರಿಸಿದೆ. ‘ನಮ್ಮಪ್ಪ ಮಿಲ್ಲಿನಲ್ಲಿ ದುಡಿದು ಕೆಲಸ ಕಳಕೊಂಡವರು. ಅದರ ಗೋಡೆಗೆ ಬಣ್ಣ ಬಳಿದರೆ ಆ ಕೆಲಸ ವಾಪಸ್ ಬರುತ್ತಾ?’ ಅಂತ ಕೇಳಿದ್ದೀರಿ.

ಬರುವುದಿಲ್ಲ. ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೂ ಇಂಗ್ಲೆಂಡಿನ ಬ್ರಿಯರ್‌ಫೀಲ್ಡ್ ಮಿಲ್ಲಿನ ವಿಷಯ ನಿಮಗೆ ಹೇಳಲೇಬೇಕು. ಲ್ಯಾಂಕಾಷೈರ್‌ನಲ್ಲಿ, ಕಾಲುವೆ ದಂಡೆಯಲ್ಲಿರುವ ದೊಡ್ಡ ಹತ್ತಿ ಮಿಲ್ಲು ಅದು. ಅಲ್ಲಿಯ ಬಿಳಿಯರು, 1960ರ ದಶಕದಿಂದ ಪಾಕಿಸ್ತಾನದ ಕಡೆಯಿಂದ ಬಂದು ನೆಲೆಸಿದವರು, ಇಬ್ಬರೂ ಅದರಲ್ಲಿ ದುಡಿದರು. ಬೀದಿ ಬೇರೆ, ಪ್ರಾರ್ಥನೆ ಬೇರೆ, ಆದರೆ ಗೇಟು ಒಂದೇ. ಮಿಲ್ಲು ಮುಚ್ಚಿದಾಗ ಸಂಬಳದ ಜೊತೆಗೆ ಒಬ್ಬರ ಮುಖ ಒಬ್ಬರು ನೋಡುವ ಆ ಜಾಗವೂ ಹೋಯಿತು.

ಅಮೆರಿಕದ ಕಲಾವಿದೆ ಸುಝಾನ್ ಲೇಸಿ ಅಲ್ಲಿಗೆ ಹೋಗಿ ಮೊದಲು ಮಾಡಿದ್ದು ಚಿತ್ರ ಬರೆಯುವುದಲ್ಲ, ಊರಿನವರ ಜೊತೆ ಕೂತು ಮಾತು ಕೇಳುವುದು. ಕೊನೆಗೆ ಎರಡು ಬಗೆಯ ಹಾಡು ಸಿಕ್ಕಿತು. ಒಂದು ಸೂಫಿಗಳ ಝಿಕ್ರ್, ವೃತ್ತವಾಗಿ ಕೂತು ದೇವರ ನಾಮ ಹೇಳುವುದು. ಇನ್ನೊಂದು ‘ಶೇಪ್ ನೋಟ್’, ನಾಲ್ಕು ಕಡೆಯಿಂದ ಎದುರುಬದುರು ಚೌಕವಾಗಿ ಕೂತು ಹಾಡುವ ಕ್ರೈಸ್ತ ಭಜನೆ. ಇದರಲ್ಲಿ ಕೇಳುಗರು ಅಂತ ಬೇರೆ ಯಾರೂ ಬೇಕಿಲ್ಲ, ಬಂದವರೆಲ್ಲ ಹಾಡುವವರೇ. 2016ರಲ್ಲಿ ಆ ಖಾಲಿ ಮಿಲ್ಲಿನೊಳಗೆ ಮೂರು ದಿನ ಎರಡೂ ನಡೆದವು, ಕೊನೆಯ ದಿನ ಸುಮಾರು 500 ಜನ ಅಲ್ಲೇ ಸಾಲಾಗಿ ಕೂತು ಊಟ ಮಾಡಿದರು. ಕೃತಿಯ ಹೆಸರೂ ‘ವೃತ್ತ ಮತ್ತು ಚೌಕ’ ಅಂತಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಲ್ಯಾಂಕಾಷೈರ್‌ನ ನೇಯ್ಗೆ ಮಿಲ್ಲುಗಳಲ್ಲಿ ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ, ಕೆಲಸಗಾರರು ತುಟಿ ಆಡಿಸಿಯೇ ಮಾತಾಡುತ್ತಿದ್ದರು. ಮನುಷ್ಯರ ದನಿಗೆ ಜಾಗವೇ ಇಲ್ಲದಿದ್ದ ಇಂಥ ಕಟ್ಟಡದಲ್ಲಿ ಊರಿನವರ ದನಿ ತುಂಬಿತು ಅಲ್ವಾ, ಅದನ್ನು ಬರೀ ಅಲಂಕಾರ ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಹೊರಗಿನಿಂದ ಬಂದು, ಯಾರನ್ನೂ ಕೇಳದೆ, ಗೋಡೆ ಮೇಲೆ ಚರಕವೋ ಹತ್ತಿ ಗಿಡವೋ ಬರೆದು ಹೋಗುವವರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ಅಂಥದ್ದು ಜಾಸ್ತಿಯಾಗುತ್ತಿದೆ. ನಮ್ಮ ಲೇಖನದಲ್ಲಿ ಈ ವ್ಯತ್ಯಾಸ ಹೇಳಬೇಕಿತ್ತು, ಹೇಳಲಿಲ್ಲ. ಅದು ನಮ್ಮ ತಪ್ಪು.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಿಮ್ಮದು. ಅಲ್ಲಿಗೆ ಯಾರಾದರೂ ಕಲಾವಿದರು ಬಂದರೆ ಮೊದಲು ನಿಮ್ಮ ತಂದೆಯವರ ಮನೆ ಬಾಗಿಲು ತಟ್ಟಲಿ ಅನ್ನೋದು ನನ್ನ ಆಸೆ. ಅಲ್ಲಿಯವರೆಗೆ ನಾವೇ ಕೇಳುತ್ತೇವೆ: ಅವರು ಯಾವ ಪಾಳಿಯಲ್ಲಿದ್ದರು, ಸೈರನ್ ಎಷ್ಟು ಗಂಟೆಗೆ ಕೂಗುತ್ತಿತ್ತು, ಬುತ್ತಿ ಬಿಚ್ಚಿ ಊಟಕ್ಕೆ ಜೊತೆಗೆ ಕೂರುತ್ತಿದ್ದವರು ಯಾರು? ಅವರು ಹೇಳಲಿ, ನೀವು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆಂದೇ ಬಿಟ್ಟಿದ್ದೇವೆ.

– ಸಂಪಾದಕ