ಎರಡು ಮಿಲಿಮೀಟರಿಗೂ ಚಿಕ್ಕ ಕೀಟದ ಚಿತ್ರ ಬರೆಯುವುದು ಹೇಗೆ?

ಕ್ಯಾಮೆರಾ ಲೂಸಿಡಾ (ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಕಾಗದದ ಮೇಲೆ ಬಿದ್ದಂತೆ ತೋರಿಸುವ ಸಾಧನ) ಇಲ್ಲ, ಸಾಧಾರಣ ಸ್ಟೀರಿಯೋ ಮೈಕ್ರೋಸ್ಕೋಪ್ ಮಾತ್ರ ಇದೆ, ಇಷ್ಟರಲ್ಲೇ ಪುಟ್ಟ ಕೀಟದ ವೈಜ್ಞಾನಿಕ ಚಿತ್ರ ಬರೆಯಬಹುದೇ ಅಂತ ಕೇಳಿದ್ದೀರಿ. ಬರೆಯಬಹುದು. ಚಿಕ್ಕಮಗಳೂರಿನ ನನ್ನ ಮೇಜಿನ ಮೇಲಿರುವುದೂ ಅಷ್ಟೇ. ನಾನು ಹೆಚ್ಚು ಬರೆದದ್ದು ಬೆರ್ರಿ ಬೋರರ್, ಅಂದರೆ ಕಾಫಿ ಕಾಯಿಕೊರಕ. 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಇಳಿದ ಕರಿ ದುಂಬಿ. ಹೆಣ್ಣೇ ಎರಡು ಮಿ.ಮೀ. ಮುಟ್ಟುವುದು ಕಷ್ಟ, ಗಂಡು ಇನ್ನೂ ಚಿಕ್ಕದು.

ಐಪೀಸ್ ಒಳಗೆ ಕೂರಿಸುವ ಚೌಕಳಿ ಗಾಜು ತರಿಸಿಕೊಳ್ಳಿ. ಕಾಗದದ ಮೇಲೂ ಪೆನ್ಸಿಲ್‌ನಲ್ಲಿ ಎರಡೆರಡು ಸೆಂ.ಮೀ. ಚೌಕ ಹಾಕಿ, ಅಲ್ಲಿ ಕಂಡದ್ದನ್ನು ಇಲ್ಲಿಗೆ ಇಳಿಸುತ್ತಾ ಹೋಗಿ. ನಡುವೆ ಜೂಮ್ ಮುಟ್ಟಬೇಡಿ. ಅದೇ ಜೂಮ್‌ನಲ್ಲಿ ಕೀಟದ ಜಾಗಕ್ಕೆ ಸ್ಟೇಜ್ ಮೈಕ್ರೋಮೀಟರ್ (ಸಣ್ಣ ಅಳತೆಗೆರೆ ಕೊರೆದ ಗಾಜಿನ ಪಟ್ಟಿ) ಇಟ್ಟು, 0.5 ಮಿ.ಮೀ.ಗೆ ಎಷ್ಟುದ್ದ ಬರುತ್ತದೋ ಅಷ್ಟು ಗೆರೆಯನ್ನು ಚಿತ್ರದ ಪಕ್ಕ ಎಳೆದುಬಿಡಿ. ‘40 ಪಟ್ಟು’ ಅಂತ ಬರೆದಿರೋ, ಅಚ್ಚಿನಲ್ಲಿ ಕುಗ್ಗಿಸಿದ ದಿನವೇ ಅದು ಸುಳ್ಳು; ಗೆರೆಯಾದರೆ ಚಿತ್ರದ ಜೊತೆಗೇ ಕುಗ್ಗುತ್ತದೆ. ಬೆನ್ನಿನ ನೋಟವಾದರೆ ಅರ್ಧ ಮೈ ಬರೆದು, ಟ್ರೇಸಿಂಗ್ ಹಾಳೆ ಮಗುಚಿ ಇನ್ನರ್ಧ ತೆಗೆಯಬಹುದು.

ತಲೆನೋವು ಹೊಳಪಿನದು, ಕೂದಲಿನದು. ಗಟ್ಟಿ ಮೇಲ್ರೆಕ್ಕೆ ದೀಪಕ್ಕೆ ಮಿರಮಿರ ಮಿಂಚಿ, ಅದರ ಮೇಲಿನ ಸಾಲುಗುಳಿಗಳೇ ಕಾಣುವುದಿಲ್ಲ. ಬಟರ್ ಪೇಪರನ್ನು ಕೊಳವೆ ಮಾಡಿ ಕೀಟದ ಸುತ್ತ ನಿಲ್ಲಿಸಿ, ಬೆಳಕು ಮೆತ್ತಗಾಗುತ್ತದೆ. ಆಲ್ಕೋಹಾಲ್‌ನಲ್ಲಿ ಮುಳುಗಿಸಿದರೂ ಹೊಳಪು ಇಳಿಯುತ್ತದೆ, ಆದರೆ ಆಗ ಕೂದಲು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಗುಳಿಗಳನ್ನು ಒದ್ದೆಯಲ್ಲೂ ಕೂದಲನ್ನು ಪೂರ್ತಿ ಒಣಗಿದ ಮೇಲೂ ನೋಡಿ ಬರೆಯುತ್ತೇನೆ.

ಕೂದಲಿನಲ್ಲಿ ನಾನೇ ಪೆಟ್ಟು ತಿಂದವನು. ಮೊದಲ ಚಿತ್ರದಲ್ಲಿ ಎಲ್ಲ ಕೂದಲನ್ನೂ ಒಂದೇ ದಪ್ಪಕ್ಕೆ ಎಳೆದಿದ್ದೆ. ಪೆನ್ನು ನಿಂತಲ್ಲೆಲ್ಲ ಶಾಯಿ ಕೂತು ತುದಿ ಅಗಲವಾಗಿತ್ತು. ನೋಡಿದ ಕೀಟತಜ್ಞರೊಬ್ಬರು, “ಇದು ಕಾಫಿದಲ್ಲ ಮಾರಾಯ್ರೆ, ಅದರ ದಾಯಾದಿ” ಅಂದರು. ಕಾಯಿಕೊರಕ ಹೈಪೋಥೆನೆಮಸ್ ಹ್ಯಾಂಪೈಯ ಕೂದಲು ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಅದೇ ಕುಲದ ಅಬ್ಸ್ಕ್ಯೂರಸ್‌ನದು ತುದಿಯಲ್ಲಿ ಚಪ್ಪಟೆ. ಪೆನ್ನಿನ ದೆಸೆಯಿಂದ ಜಾತಿಯೇ ಕೆಟ್ಟಿತ್ತು! ಈಗ ಅದ್ದಿ ಬರೆಯುವ ನಿಬ್ಬು ಹಿಡಿದು, ಬುಡದಲ್ಲಿ ಒತ್ತಿ, ತುದಿ ಬರುವಷ್ಟರಲ್ಲಿ ಕೈ ಎತ್ತಿಬಿಡುತ್ತೇನೆ.

ನೆರಳಿಗೆ ಚುಕ್ಕಿ ಸಾಕು. ಬೆಳಕು ಎಡಗಡೆ ಮೇಲಿಂದ ಬೀಳುತ್ತದೆ ಅಂತ ಇಟ್ಟುಕೊಳ್ಳುವುದು ವಾಡಿಕೆ. ಚುಕ್ಕಿ ತೀರಾ ಒತ್ತಾದರೆ ಕುಗ್ಗಿಸಿದಾಗ ಮಸಿ ಚೆಲ್ಲಿದ ಹಾಗಾಗುತ್ತದೆ. ನಾನು ಮೊದಲೇ ಶೇ. 50ಕ್ಕೆ ಇಳಿಸಿ ಜೆರಾಕ್ಸ್ ತೆಗೆಸುತ್ತೇನೆ. ಅಂಗಡಿ ಹುಡುಗ ಪ್ರತಿ ಸಲವೂ “ಸಾರ್, ಇದು ತಿಗಣೆನಾ?” ಅಂತಾನೆ. ಆ ಜೆರಾಕ್ಸ್ ಪ್ರತಿಯಲ್ಲೂ ಕೂದಲ ತುದಿ ಚೂಪಾಗಿ ಉಳಿದಿದ್ದರೆ ಚಿತ್ರ ಕಳಿಸುತ್ತೇನೆ, ಇಲ್ಲದಿದ್ದರೆ ವಾಪಸ್ ಮೇಜಿಗೆ.