ಡ್ಯುಯಲ್ ಬೂಟ್ ಕಂಪ್ಯೂಟರಿನಿಂದ ಹಳೆಯ ವಿಂಡೋಸ್ 7 ತೆಗೆಯುವುದು ಹೇಗೆ?

ವಿಂಡೋಸ್ 10 ಜೊತೆಗಿರುವ ಹಳೆಯ 7 ಬೇಡ ಅಂದರೆ, ಮೊದಲು ಅದರಲ್ಲಿರುವ ಫೋಟೋ, ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ 10ರಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ (ಡಿಸ್ಕಿನ ಭಾಗಗಳನ್ನು ತೋರಿಸುವ ವಿಂಡೋಸ್‌ನದೇ ಟೂಲ್) ತೆರೆದು, 'ಸಿಸ್ಟಮ್' ಅನ್ನುವ ಗುರುತು ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಮೇಲಿದೆ ನೋಡಿ. ಇದೇ ಮುಖ್ಯ. ಹಳೆ ಕಂಪ್ಯೂಟರುಗಳಲ್ಲಿ ಬೂಟ್ ಫೈಲುಗಳು, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳು, ಎಷ್ಟೋ ಸಲ 7ರ ಪಾರ್ಟಿಷನ್ನಿನಲ್ಲೇ ಇರುತ್ತವೆ, ಹೊರಗಿನ ಯಾವುದೋ ಟೂಲ್ ಹಾಕಿ ಸುಮ್ನೆ ಅಳಿಸಿಬಿಟ್ಟರೆ 10 ಕೂಡ ಶುರುವಾಗುವುದಿಲ್ಲ. ಗುರುತು 7ರ ಮೇಲೇ ಇದ್ದರೆ ದಯವಿಟ್ಟು ಅವಸರ ಬೇಡ, ಬಿಸಿಡಿಬೂಟ್ (bcdboot) ಕಮಾಂಡಿನಿಂದ ಆ ಫೈಲುಗಳನ್ನು 10ರ ಪಾರ್ಟಿಷನ್ನಿಗೆ ಹಾಕಿ, 10ರ ಪಾರ್ಟಿಷನ್ನನ್ನೇ ಆಕ್ಟಿವ್ (ಕಂಪ್ಯೂಟರ್ ಶುರುವಾಗುವ ಪಾರ್ಟಿಷನ್) ಮಾಡಿ. ಗುರುತು ಬೇರೆ ಕಡೆ ಇದ್ದರೆ ಕೆಲಸ ಸುಲಭ: ಎಂಎಸ್‌ಕಾನ್ಫಿಗ್ (msconfig) ಅನ್ನುವ ವಿಂಡೋಸ್ ಸೆಟ್ಟಿಂಗ್ ಟೂಲಿನ ಬೂಟ್ ಟ್ಯಾಬಿನಲ್ಲಿ 7 ಆರಿಸಿ ಡಿಲೀಟ್ ಒತ್ತಿ, ರೀಸ್ಟಾರ್ಟ್ ಮಾಡಿ, 10 ಸರಿಯಾಗಿ ಬಂದ ಮೇಲೆ 7ರ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ.