ಬ್ಲ್ಯಾಕಿನವರನ್ನು ಓಡಿಸಿದರೆ ಸಾಕೇ?

ಪ್ರಿಯ ಓದುಗರೇ,

ಕಾನ್ಸರ್ಟ್ ಟಿಕೆಟ್ ದುಬಾರಿಯಾಗಲು ಟಿಕೆಟ್ ಮಾರುವ ಕಂಪನಿಗಳ ನಡುವೆ ಸರಿಯಾದ ಪೈಪೋಟಿ ಇಲ್ಲದಿರುವುದೂ ಕಾರಣ ಎಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬೇಸರದಿಂದ ಬರೆದಿದ್ದೀರಿ. ‘ಬ್ಲ್ಯಾಕಿನಲ್ಲಿ ಮಾರುವವರೇ ಎಲ್ಲಕ್ಕೂ ಕಾರಣ. ಮರುಮಾರಾಟವನ್ನು ಪೂರ್ತಿ ನಿಷೇಧಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ. ಇದರಲ್ಲಿ ಕಂಪನಿಗಳ ಪೈಪೋಟಿಯ ಮಾತೇಕೆ?’ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. 2014ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಯೂ ಟೂ ಬ್ಯಾಂಡಿನ ಕಾರ್ಯಕ್ರಮಕ್ಕೆ ಟಿಕೆಟ್ ಬಿಟ್ಟಾಗ ಒಬ್ಬ ದಲ್ಲಾಳಿ ಬಾಟ್ (ಮನುಷ್ಯರ ಬದಲು ತಾನೇ ಸರಸರನೆ ಟಿಕೆಟ್ ಕೊಳ್ಳುವ ಸಾಫ್ಟ್‌ವೇರ್) ಬಳಸಿ ಒಂದೇ ನಿಮಿಷದಲ್ಲಿ 1,012 ಟಿಕೆಟ್ ಎತ್ತಿಕೊಂಡ. ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ಮಿತಿ ಇತ್ತು! ಇದನ್ನು ಬಯಲು ಮಾಡಿದ್ದು ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿಯ 2016ರ ವರದಿ. ಅದೇ ವರ್ಷ ಅಮೆರಿಕದಲ್ಲಿ ಬಾಟ್ ವಿರುದ್ಧ ಕಾನೂನು ಬಂತು. ಅದರಡಿ ಮೊದಲ ಕೇಸು ಬಿದ್ದದ್ದು ಮಾತ್ರ 2021ರಲ್ಲಿ.

ಆದರೆ ದಲ್ಲಾಳಿಯೇ ಇಲ್ಲದ ಕಡೆಯೂ ನೋಡಿ. 2024ರ ಆಗಸ್ಟ್‌ನಲ್ಲಿ ಓಯಸಿಸ್ ಬ್ಯಾಂಡಿನ ಬ್ರಿಟನ್ ಪ್ರವಾಸಕ್ಕೆ ಜನ ಆನ್‌ಲೈನ್ ಕ್ಯೂನಲ್ಲಿ ಗಂಟೆಗಟ್ಟಲೆ ಕಾದರು. ಸರದಿ ಬರುವಷ್ಟರಲ್ಲಿ, ಸುಮಾರು 148 ಪೌಂಡ್ ಇದ್ದ, ನಿಂತು ನೋಡುವ ಟಿಕೆಟ್ ಎಷ್ಟೋ ಜನರಿಗೆ 355 ಪೌಂಡ್ ತೋರಿಸಿತು. ಮಾರಿದ್ದು ಅಧಿಕೃತ ಕೌಂಟರೇ.

ನಿಮ್ಮ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ 2023ರಲ್ಲೇ ಸಿಕ್ಕಿದೆ. ದಿ ಕ್ಯೂರ್ ಬ್ಯಾಂಡಿನವರು ಅಮೆರಿಕ ಪ್ರವಾಸಕ್ಕೆ 20 ಡಾಲರಿನಷ್ಟು ಕಡಿಮೆ ಬೆಲೆಗೆ ಟಿಕೆಟ್ ಇಟ್ಟರು. ಕಾನೂನು ಅವಕಾಶ ಕೊಟ್ಟ ಕಡೆಯೆಲ್ಲ ಟಿಕೆಟ್ ಬೇರೆಯವರಿಗೆ ದಾಟಿಸದಂತೆ ಕಟ್ಟುಹಾಕಿದರು. ನೀವು ಕೇಳುವುದೂ ಇದನ್ನೇ ಅಲ್ವಾ? ಆದರೂ ಹಣ ಕಟ್ಟುವ ಕೊನೆಯ ಪುಟದಲ್ಲಿ ಸೇವಾ ಶುಲ್ಕ, ಸಭಾಂಗಣ ಶುಲ್ಕ, ಆರ್ಡರ್ ಶುಲ್ಕ ಎಲ್ಲ ಸೇರಿ ಕೆಲವರಿಗೆ ಶುಲ್ಕವೇ ಟಿಕೆಟ್ಟಿಗಿಂತ ಜಾಸ್ತಿ ಆಯಿತು. ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಸಿಡಿದೆದ್ದ ಮೇಲೆ, ಟಿಕೆಟ್ ಮಾರಿದ ಟಿಕೆಟ್‌ಮಾಸ್ಟರ್ ಕಂಪನಿ ಕೆಲವರಿಗೆ 10 ಡಾಲರ್, ಉಳಿದವರಿಗೆ 5 ಡಾಲರ್ ವಾಪಸ್ ಕೊಡಲು ಒಪ್ಪಿತು.

ಈ ಶುಲ್ಕ ಯಾಕೆ ಇಳಿಯುವುದಿಲ್ಲ? ಟಿಕೆಟ್ ಯಾರು ಮಾರಬೇಕು ಎಂದು ತೀರ್ಮಾನಿಸುವವರು ನೀವಲ್ಲ. ಹೆಚ್ಚಾಗಿ ಸಭಾಂಗಣದ ಮಾಲೀಕರು. ಒಂದೇ ಕಂಪನಿಯ ಜೊತೆ ಹಲವು ವರ್ಷಗಳ ಕರಾರು ಮಾಡಿಕೊಳ್ಳುತ್ತಾರೆ. ಶುಲ್ಕದಲ್ಲಿ ಅವರಿಗೂ ಪಾಲು ಹೋಗುತ್ತದೆ. ಎಷ್ಟೋ ಸಲ ದೊಡ್ಡ ಮುಂಗಡವೂ ಸಿಗುತ್ತದೆ. ಹಾಗಾಗಿ ಟಿಕೆಟ್ ಕಂಪನಿಗಳ ಪೈಪೋಟಿಯೆಲ್ಲ ಮಾಲೀಕರನ್ನು ಒಲಿಸಿಕೊಳ್ಳುವುದಕ್ಕೆ. ಜಾಸ್ತಿ ಪಾಲು ಕೊಟ್ಟವರಿಗೆ ಕರಾರು, ಆ ಪಾಲು ಹುಟ್ಟುವುದು ನಿಮ್ಮ ಜೇಬಿನಿಂದ. ಶುಲ್ಕ ದುಬಾರಿ ಎಂದು ನೀವು ಬೇರೆ ಕಡೆ ಹೋಗೋಣವೆಂದರೆ ಅದೇ ಕಾರ್ಯಕ್ರಮಕ್ಕೆ ಬೇರೆ ಕೌಂಟರ್ ಇರುವುದಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2018ರ ವರದಿಯ ಪ್ರಕಾರ ಈ ಶುಲ್ಕ ಟಿಕೆಟ್ ಬೆಲೆಯ ಸರಾಸರಿ ಶೇ 27. ಮರುಮಾರಾಟದಲ್ಲಿ ಶೇ 31.

2010ರಲ್ಲಿ ಕಾರ್ಯಕ್ರಮಗಳನ್ನು ಆಯೋಜಿಸುವ ಲೈವ್ ನೇಷನ್ ಕಂಪನಿ ಮತ್ತು ಟಿಕೆಟ್‌ಮಾಸ್ಟರ್ ಒಂದಾದವು. ಕಾರ್ಯಕ್ರಮ ಆಯೋಜನೆ, ಸಭಾಂಗಣ, ಕಲಾವಿದರ ವ್ಯವಹಾರ, ಟಿಕೆಟ್ ಮಾರಾಟ, ಮರುಮಾರಾಟ ಎಲ್ಲವೂ ಒಂದೇ ಮನೆಗೆ ಬಂತು. ಬೇರೆ ಟಿಕೆಟ್ ಕಂಪನಿ ಹಿಡಿದ ಸಭಾಂಗಣದ ಮೇಲೆ ಹಗೆ ಸಾಧಿಸಬಾರದು ಎಂಬ ಷರತ್ತು ಆಗಲೇ ಇತ್ತು. ಅದು ಮುರಿದಿದೆ ಎಂದು ಅಮೆರಿಕದ ನ್ಯಾಯ ಇಲಾಖೆ 2019ರಲ್ಲಿ ಆರೋಪಿಸಿತು, ಷರತ್ತಿನ ಅವಧಿ ಬೆಳೆಯಿತು. 2024ರ ಮೇನಲ್ಲಿ ಏಕಸ್ವಾಮ್ಯದ ಮೊಕದ್ದಮೆಯನ್ನೇ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಸುಮ್ನೆ ಯೋಚಿಸಿ: ಒಂದೇ ಸೀಟಿಗೆ ಮೊದಲ ಮಾರಾಟದಲ್ಲಿ ಒಮ್ಮೆ, ಮರುಮಾರಾಟದಲ್ಲಿ ಇನ್ನೊಮ್ಮೆ ಶುಲ್ಕ ಪಡೆಯುವ ಕಂಪನಿಗೆ ಬ್ಲ್ಯಾಕ್ ತಡೆಯುವ ಆತುರ ಎಷ್ಟಿದ್ದೀತು?

ಪೂರ್ತಿ ನಿಷೇಧ ನನಗೆ ಒಪ್ಪಿಗೆಯಿಲ್ಲ. ಹುಷಾರು ತಪ್ಪಿದವರು ಟಿಕೆಟ್ ಯಾರಿಗೆ ಕೊಡಬೇಕು? ಬೇಕಿರುವುದು ಬೆಲೆಯ ಮಿತಿ. ಮುಖಬೆಲೆಗಿಂತ ಹೆಚ್ಚಿಗೆ ಮಾರುವ ದಂಧೆಯನ್ನು ಜಪಾನ್ 2019ರಲ್ಲಿ ತಡೆಯಿತು, ಐರ್ಲೆಂಡ್ 2021ರಲ್ಲಿ. ಇವು ಒಳ್ಳೆಯ ಕಾನೂನುಗಳು. ಇವುಗಳ ಜೊತೆಗೆ ಸಭಾಂಗಣದ ಕರಾರಿನ ಅವಧಿ ಮೊಟಕಾಗಬೇಕು. ಒಂದೇ ಕಾರ್ಯಕ್ರಮದ ಟಿಕೆಟ್ ಎರಡು ಮೂರು ಕಂಪನಿಗಳ ಬಳಿ ಸಿಗುವಂತಾಗಬೇಕು. ಆಗ ಶುಲ್ಕ ಯಾರಲ್ಲಿ ಕಡಿಮೆ ಎಂದು ನೋಡಿ ಕೊಳ್ಳುವ ಅವಕಾಶ ನಿಮಗೂ ಇರುತ್ತದೆ.

– ಸಂಪಾದಕ